ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಕಣ್ಣಿಗೆ ಕಂಡದ್ದನ್ನು ಕೂಡ ಒಮ್ಮೆಗೇ ನಂಬದೆ, ಅದು ನಿಜವೇ ಎಂದು ಪರೀಕ್ಷಿಸಿ ತಿಳಿಯಬೇಕೆಂಬುದು ಇದರ ತಾತ್ಪರ್ಯ. ಕಂಡದ್ದಕ್ಕೇ ಇಷ್ಟು ಎಚ್ಚರಿಕೆ ಬೇಕಾದರೆ, ಕೇವಲ ಕಿವಿಯಿಂದ ಕೇಳಿದ್ದಕ್ಕೆ ಇನ್ನೆಷ್ಟು ಎಚ್ಚರಿಕೆ ಬೇಕು! ಆದರೆ ದಿನನಿತ್ಯದ ಬದುಕಿನಲ್ಲಿ ನಾವು ನಡೆದುಕೊಳ್ಳುವುದು ಹೀಗಲ್ಲ. ‘ಎಲ್ಲರೂ ಹಾಗೆ ಹೇಳುತ್ತಾರೆ’ ಎಂಬುದೇ ನಮಗೆ ಅನೇಕ ವೇಳೆ ಸಾಕಾದ ಪ್ರಮಾಣವಾಗಿಬಿಡುತ್ತದೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲೂಕುಗಳು ನಮ್ಮ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಕ್ಕೆ ಸೇರಿದವು. ಆದರೂ ಇಲ್ಲಿಯ ಜನ ಕೈಕಟ್ಟಿ ಕುಳಿತವರಲ್ಲ. ಕೆಂಪು ನೆಲದಲ್ಲಿ ಶೇಂಗಾ ಬೆಳೆದರು. ಅದನ್ನು ಅರೆದು ಎಣ್ಣೆ ತೆಗೆದರು. ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದರು. ರೇಷ್ಮೆಯ ನೂಲಿನಿಂದ ಸೀರೆ ನೇಯ್ದರು. ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯನ್ನು ‘ಎಣ್ಣೆ ನಗರ’ವೆಂದೂ ‘ಎರಡನೆಯ ಮುಂಬಯಿ’ ಎಂದೂ ಜನ ಕರೆದರು. ಮೊಳಕಾಲ್ಮೂರಿನ ಕೈಮಗ್ಗದ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಎಂದರೆ, ಬೇರೆ ಊರಿನಲ್ಲಿ ನೇಯ್ದ ಸೀರೆಯನ್ನು ಮೊಳಕಾಲ್ಮೂರು ಸೀರೆಯೆಂಬ ಹೆಸರಿನಲ್ಲಿ ಮಾರುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ.

ಇಂತಹ ಮೊಳಕಾಲ್ಮೂರಿನ ಒಂದು ನೇಕಾರರ ಮನೆಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ, ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದಳು. ಆಗ ಅವಳು ವಾಣಿಜ್ಯ ಪದವಿಯ ತರಗತಿಯಲ್ಲಿ ಓದುತ್ತಿದ್ದಳು. ಪರೀಕ್ಷೆಯ ಅಂಗವಾಗಿ ಒಂದು ಸಣ್ಣ ಸಂಶೋಧನಾ ಪ್ರಬಂಧವನ್ನು ಬರೆದುಕೊಡಬೇಕಾಗಿತ್ತು. ಅದರ ಕರಡನ್ನು ನನ್ನ ಮುಂದಿಟ್ಟು, “ಸಾರ್, ಭಾಷೆಯನ್ನು ಸ್ವಲ್ಪ ತಿದ್ದಿಕೊಡಿ” ಎಂದಳು. ‘ಮೊಳಕಾಲ್ಮೂರು ಸೀರೆಗೆ ಬೇಡಿಕೆ ಏಕೆ ಕುಸಿಯಿತು?’ ಎಂಬುದು ಪ್ರಬಂಧದ ಶೀರ್ಷಿಕೆ. ಭಾಷೆಯಲ್ಲಿ ತಪ್ಪುಗಳು ಹೆಚ್ಚಿರಲಿಲ್ಲ. ಓದಿ ಮುಗಿಸಿ ನಾನು ಒಂದೇ ಒಂದು ಪ್ರಶ್ನೆ ಕೇಳಿದೆ.

“ಬೇಡಿಕೆ ಕುಸಿದಿದೆ ಎಂದು ನಿನಗೆ ಯಾರು ಹೇಳಿದರಮ್ಮಾ?”

ಅವಳು ಬೆರಗಾಗಿ ನನ್ನ ಮುಖವನ್ನು ನೋಡಿದಳು. “ಎಲ್ಲರೂ ಹೇಳ್ತಾರಲ್ಲ ಸಾರ್. ನಮ್ಮಪ್ಪನೂ ಹೇಳ್ತಾರೆ. ಮನೇಲಿರೋ ಎರಡು ಮಗ್ಗದಲ್ಲಿ ಒಂದನ್ನು ಈ ಹಬ್ಬ ಕಳೆದ ಮೇಲೆ ಮಾರಿಬಿಡೋಣ ಅಂತಿದ್ದಾರೆ” ಎಂದಳು. ಕಡೆಯ ಮಾತನ್ನು ಹೇಳುವಾಗ ಅವಳ ದನಿ ತಗ್ಗಿತು. ಅದು ಕೇವಲ ಪರೀಕ್ಷೆಗೆ ಬರೆಯಬೇಕಾದ ಪ್ರಬಂಧವಾಗಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಅವಳ ಅಜ್ಜ ಕುಳಿತು ನೇಯ್ದ ಮಗ್ಗದ ಅಳಿವು ಉಳಿವಿನ ಪ್ರಶ್ನೆ ಅದರಲ್ಲಿ ಅಡಗಿತ್ತು.

‘ಸಂಶೋಧನೆ’ ಎಂಬ ಪದವನ್ನು ಕೇಳಿದೊಡನೆ ಪ್ರಯೋಗಶಾಲೆ, ದೊಡ್ಡ ದೊಡ್ಡ ಗ್ರಂಥಗಳು, ಕನ್ನಡಕ ಧರಿಸಿದ ಪಂಡಿತರು ನಮ್ಮ ಕಣ್ಣ ಮುಂದೆ ಸುಳಿಯುತ್ತಾರೆ. ಆದರೆ ‘ಶೋಧಿಸು’ ಎಂಬ ಮಾತು ನಮ್ಮ ಅಡುಗೆಮನೆಗೂ ಪರಿಚಿತವಾದದ್ದೇ. ತಾಯಂದಿರು ಕಷಾಯವನ್ನು ಬಟ್ಟೆಯಲ್ಲಿ ಶೋಧಿಸುತ್ತಾರೆ. ಎಣ್ಣೆ ಗಿರಣಿಯಲ್ಲಿ ಅರೆದ ಎಣ್ಣೆಯನ್ನು ಗಷ್ಟು ಹೋಗುವಂತೆ ಶೋಧಿಸುತ್ತಾರೆ. ಬೇಕಾದದ್ದನ್ನು ಬೇಡವಾದದ್ದರಿಂದ ಬೇರ್ಪಡಿಸುವುದೇ ಶೋಧನೆ. ಅದರಂತೆ, ನಿಜವಾದ ಸಂಗತಿಯನ್ನು ಊಹೆಯಿಂದಲೂ ವದಂತಿಯಿಂದಲೂ ಆಸೆಯಿಂದಲೂ ಬೇರ್ಪಡಿಸುವ ಕ್ರಮಬದ್ಧವಾದ ಪ್ರಯತ್ನವೇ ಸಂಶೋಧನೆ. ವ್ಯಾಪಾರ ವ್ಯವಹಾರಗಳನ್ನು ಕಲಿಯುವವರಿಗೆ ಇದು ಮತ್ತೂ ಅಗತ್ಯ. ಏಕೆಂದರೆ ಅಲ್ಲಿ ತಪ್ಪು ತಿಳಿವಳಿಕೆಯ ಬೆಲೆಯನ್ನು ಯಾರೋ ಒಬ್ಬರು ಹಣದ ರೂಪದಲ್ಲಿಯೋ ಅನ್ನದ ರೂಪದಲ್ಲಿಯೋ ತೆರಲೇಬೇಕಾಗುತ್ತದೆ.

ಈ ಪ್ರಯತ್ನದ ಮೊದಲನೆಯ ಮೆಟ್ಟಿಲು ಸರಿಯಾದ ಪ್ರಶ್ನೆಯನ್ನು ಹಾಕಿಕೊಳ್ಳುವುದು. ‘ಬೇಡಿಕೆ ಏಕೆ ಕುಸಿಯಿತು?’ ಎಂಬ ಪ್ರಶ್ನೆಯಲ್ಲಿ ಬೇಡಿಕೆ ಕುಸಿದಿದೆ ಎಂಬ ತೀರ್ಪು ಮೊದಲೇ ಸೇರಿಹೋಗಿದೆ. ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡ ಪ್ರಶ್ನೆಯಿಂದ ಹೊಸದೇನನ್ನೂ ಕಲಿಯಲಾಗದು. ಅಲ್ಲದೆ ಆ ಪ್ರಶ್ನೆ ಬಹಳ ವಿಶಾಲವಾದದ್ದು. ಯಾವ ಕಾಲದ ಬೇಡಿಕೆ? ಎಲ್ಲಿಯ ಬೇಡಿಕೆ? ಬೇಡಿಕೆಯನ್ನು ಅಳೆಯುವುದು ಸೀರೆಗಳ ಸಂಖ್ಯೆಯಿಂದಲೋ, ಬಂದ ಹಣದಿಂದಲೋ? ನಾವಿಬ್ಬರೂ ಕುಳಿತು ಮಧ್ಯಾಹ್ನದವರೆಗೆ ಆ ಪ್ರಶ್ನೆಯನ್ನು ಒಡೆದೆವು. ಕೊನೆಗೆ ಅವಳೇ ಹೀಗೆ ಬರೆದುಕೊಂಡಳು: ‘ಕಳೆದ ನಾಲ್ಕು ವರ್ಷಗಳಲ್ಲಿ ನಮ್ಮ ಬೀದಿಯ ಮನೆಗಳಲ್ಲಿ ವರ್ಷಕ್ಕೆ ಎಷ್ಟು ಸೀರೆಗಳು ಮಗ್ಗದಿಂದ ಇಳಿದವು? ಅವುಗಳಲ್ಲಿ ಎಷ್ಟು ಮಾರಾಟವಾದವು? ಮಾರಿದ ಹಣ ಎಷ್ಟು ದಿನಗಳಿಗೆ ಕೈಸೇರಿತು?’ ಇದು ಚಿಕ್ಕ ಪ್ರಶ್ನೆ. ಆದರೆ ಇದಕ್ಕೆ ಉತ್ತರವನ್ನು ಹುಡುಕಲು ಸಾಧ್ಯ.

ಎರಡನೆಯ ಮೆಟ್ಟಿಲು, ಈ ವಿಷಯವಾಗಿ ನಮಗಿಂತ ಮೊದಲು ತಿಳಿದವರು ಏನು ಹೇಳಿದ್ದಾರೆಂದು ನೋಡುವುದು. ಗ್ರಂಥಾಲಯದಲ್ಲಿ ಕುಳಿತರೆ ನೇಕಾರಿಕೆಯ ಬಗ್ಗೆ ಎಷ್ಟೋ ಸಂಗತಿಗಳು ದೊರೆಯುತ್ತವೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲಿ ಬಂದಿತು. ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ 2019-20ರಲ್ಲಿ ನಡೆಯಿತು. ಇಂತಹ ವರದಿಗಳು, ಪುಸ್ತಕಗಳು, ಲೇಖನಗಳು ಇತರರು ಸಂಗ್ರಹಿಸಿದ ಮಾಹಿತಿ. ಇವನ್ನು ದ್ವಿತೀಯಕ ಆಕರಗಳೆನ್ನುತ್ತಾರೆ. ನಾವೇ ನೋಡಿ, ಕೇಳಿ, ಎಣಿಸಿ ಪಡೆದದ್ದು ಪ್ರಾಥಮಿಕ ಆಕರ. ಎರಡೂ ಬೇಕು. ಆದರೆ ಇತರರಿಂದ ಪಡೆದದ್ದನ್ನು ಇಂಥವರಿಂದ ಪಡೆದೆನೆಂದು ಹೇಳುವುದು ಸಂಶೋಧಕನ ಧರ್ಮ. ಹುಡುಗಿಯ ಕರಡಿನಲ್ಲಿ ಎರಡು ಪುಟಗಳು ಅವಳವಲ್ಲವೆಂದು ಓದುವಾಗಲೇ ನನಗೆ ಗೊತ್ತಾಗಿತ್ತು. “ನೆರೆಮನೆಯಿಂದ ಸೇರು ಅಕ್ಕಿ ಕಡ ತಂದರೆ ತಂದೆನೆಂದು ಹೇಳುತ್ತೇವೆ, ಮಾತನ್ನು ಕಡ ತಂದರೆ ಹೇಳಬೇಡವೇ?” ಎಂದೆ. ಅವಳು ತಲೆ ತಗ್ಗಿಸಿ ಆ ಪುಟಗಳಿಗೆ ಅಡ್ಡಗೆರೆ ಎಳೆದಳು.

ಅನಂತರ ಬರುವುದು ಊಹೆಯ ಸರದಿ. ಸಂಶೋಧನೆಯಲ್ಲಿ ಊಹೆಗೆ ಸ್ಥಾನವಿಲ್ಲವೆಂದು ತಿಳಿಯಬಾರದು. ಊಹೆ ಬೇಕು, ಆದರೆ ಅದನ್ನು ಊಹೆಯೆಂದೇ ಕರೆದು ಪರೀಕ್ಷೆಗೆ ಒಡ್ಡಬೇಕು. ಅಪ್ಪನ ಕಷ್ಟಕ್ಕೆ ಏನೇನು ಕಾರಣಗಳಿರಬಹುದು? ವಿದ್ಯುತ್ ಮಗ್ಗದಲ್ಲಿ ತಯಾರಾದ ಅಗ್ಗದ ಸೀರೆಗಳು ಪೈಪೋಟಿ ಕೊಡುತ್ತಿರಬಹುದು. ಹೆಣ್ಣುಮಕ್ಕಳ ಉಡುಪಿನ ರುಚಿ ಬದಲಾಗಿರಬಹುದು. ರೇಷ್ಮೆ ನೂಲಿನ ಮತ್ತು ಜರಿಯ ಬೆಲೆ ಏರಿರಬಹುದು. ಮಾರಿದ ಹಣ ತಡವಾಗಿ ಬರುತ್ತಿರಬಹುದು. ಹೀಗೆ ನಾಲ್ಕು ಊಹೆಗಳನ್ನು ಬರೆಸಿ, ಪ್ರತಿಯೊಂದರ ಎದುರಿಗೂ ಒಂದು ಮಾತು ಬರೆಯಹೇಳಿದೆ: ‘ಏನು ಕಂಡರೆ ಈ ಊಹೆ ಸುಳ್ಳೆಂದು ಒಪ್ಪುತ್ತೇನೆ?’ ಮೊದಲ ಎರಡು ಊಹೆಗಳು ನಿಜವಾದರೆ ಮಾರಾಟವಾದ ಸೀರೆಗಳ ಸಂಖ್ಯೆ ಇಳಿದಿರಬೇಕು. ಸಂಖ್ಯೆ ಇಳಿಯದಿದ್ದರೆ ಅವುಗಳನ್ನು ಕೈಬಿಡಬೇಕು. ಎಂತಹ ಪುರಾವೆ ಬಂದರೂ ಬಿಡೆನೆಂದು ಹಿಡಿದುಕೊಂಡದ್ದು ಊಹೆಯಲ್ಲ, ಹಟ.

ಪುರಾವೆಯನ್ನು ಕಲೆಹಾಕುವುದು ಈ ಕಾರ್ಯದ ಅತ್ಯಂತ ಶ್ರಮದ ಭಾಗ. ಹುಡುಗಿ ತನ್ನ ಮನೆಯಿಂದಲೇ ಕಾರ್ಯಾರಂಭ ಮಾಡಿದಳು. ತಂದೆಯನ್ನು ಕೇಳಿದಾಗ, “ಮೊದಲು ವಾರವಾರ ಸೀರೆ ಹೋಗುತ್ತಿತ್ತು, ಈಗ ಹೋಗೋದೇ ಇಲ್ಲ” ಎಂದರು. ಅವರು ಸುಳ್ಳು ಹೇಳುವವರಲ್ಲ. ಆದರೆ ನೆನಪು ಎಂಬುದು ಲೆಕ್ಕದ ಪುಸ್ತಕವಲ್ಲ. ಸುಖದ ದಿನಗಳನ್ನು ಅದು ಇನ್ನೂ ಸುಖಮಯವಾಗಿಯೂ, ಕಷ್ಟದ ದಿನಗಳನ್ನು ಇನ್ನೂ ಕಷ್ಟಕರವಾಗಿಯೂ ತೋರಿಸುತ್ತದೆ. ಅದೃಷ್ಟವಶಾತ್ ಆ ಮನೆಯಲ್ಲಿ ದೇವರ ಗೂಡಿನ ಪಕ್ಕದಲ್ಲಿ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕಗಳಿದ್ದವು. ಸೀರೆ ಕೊಟ್ಟ ದಿನ, ಕೊಂಡವರು, ಬೆಲೆ, ಹಣ ಬಂದ ದಿನ, ಇವನ್ನೆಲ್ಲ ತಂದೆಯೇ ಬರೆದಿಟ್ಟಿದ್ದರು. ಬರೆದಿಟ್ಟವರು ಹಿಂದಿರುಗಿ ಒಟ್ಟುಗೂಡಿಸಿ ನೋಡಿರಲಿಲ್ಲ, ಅಷ್ಟೇ.

ಹದಿನೈದು ದಿನಗಳ ಅನಂತರ ಅವಳು ಮತ್ತೆ ಬಂದಳು. ಈ ಸಲ ಕೈಯಲ್ಲಿದ್ದುದು ಪ್ರಬಂಧವಲ್ಲ, ಗೆರೆ ಎಳೆದು ತುಂಬಿಸಿದ ಒಂದು ಪಟ್ಟಿ. ನಾಲ್ಕು ವರ್ಷಗಳಲ್ಲಿ ಮನೆಯಿಂದ ಹೊರಟ ಸೀರೆಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂತಹ ಇಳಿತವೇ ಇರಲಿಲ್ಲ! ಬದಲಾಗಿದ್ದುದು ಕಡೆಯ ಸಾಲು. ಮೊದಲ ವರ್ಷ ತಿಂಗಳೊಳಗೆ ಕೈಸೇರುತ್ತಿದ್ದ ಹಣ, ಕೊನೆಯ ವರ್ಷದಲ್ಲಿ ನಾಲ್ಕೈದು ತಿಂಗಳಾದರೂ ಪೂರ್ತಿ ಬಂದಿರಲಿಲ್ಲ. ಅಷ್ಟರಲ್ಲಿ ಮುಂದಿನ ಸೀರೆಗೆ ನೂಲು ಬೇಕು; ಅದಕ್ಕೆ ಸಾಲ; ಸಾಲಕ್ಕೆ ಬಡ್ಡಿ. ಲಾಭವೆಲ್ಲ ಆ ಬಡ್ಡಿಯಲ್ಲಿ ಕರಗಿಹೋಗುತ್ತಿತ್ತು. ಪಟ್ಟಿಯನ್ನು ನೋಡಿ ತಂದೆ ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, “ಕೈಯಲ್ಲಿ ದುಡ್ಡು ಆಡದೇ ಇದ್ದಾಗ ಸೀರೆ ಹೋಗ್ತಿಲ್ಲ ಅಂತಲೇ ಅನ್ನಿಸುತ್ತಿತ್ತಮ್ಮ” ಎಂದರಂತೆ.

ರೋಗ ಬೇರೆಯೆಂದು ತಿಳಿದೊಡನೆ ಔಷಧವೂ ಬೇರೆಯಾಯಿತು. ಬೇಡಿಕೆಯೇ ಕುಸಿದಿದ್ದರೆ ಮಗ್ಗವನ್ನು ಮಾರುವುದು ಒಂದು ದಾರಿಯಾಗಿರುತ್ತಿತ್ತು. ಆದರೆ ತಡವಾಗಿ ಬರುವ ಹಣಕ್ಕೆ ಮಗ್ಗ ಏನು ತಪ್ಪು ಮಾಡಿತ್ತು? ಹುಡುಗಿ ಮತ್ತೆ ಗ್ರಂಥಾಲಯಕ್ಕೆ ಹೋದಳು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿಗಾಗಿ 2006ರಲ್ಲಿ ಆದ ಕಾಯಿದೆಯೊಂದಿದೆ. ನೋಂದಣಿಯಾದ ಸಣ್ಣ ಉತ್ಪಾದಕನಿಂದ ಸರಕು ಪಡೆದವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕೆಂದು ಅದು ಹೇಳುತ್ತದೆ. ಈ ಮಾತು ಮೊದಲೂ ಆ ಪುಸ್ತಕದಲ್ಲಿತ್ತು. ಆದರೆ ಸರಿಯಾದ ಪ್ರಶ್ನೆ ಕೈಯಲ್ಲಿಲ್ಲದವರಿಗೆ ಅದು ಕಾಣುವಂತಿರಲಿಲ್ಲ.

ಆದರೆ ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಒಂದು ಮನೆಯ ಲೆಕ್ಕ ಇಡೀ ಬೀದಿಯ ಸತ್ಯವಾಗಲಾರದು. “ಇನ್ನು ಎಂಟು ಮನೆಗಳನ್ನು ಕೇಳಿ ಬರ್ತೀನಿ ಸಾರ್” ಎಂದಳು. ಯಾವ ಎಂಟು ಮನೆಗಳೆಂದು ವಿಚಾರಿಸಿದರೆ ಎಲ್ಲವೂ ಅವಳ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವಂದಿರ ಮನೆಗಳೇ! ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿದರೆ ಸಾಕೆಂದು ನಾವು ಹೇಳುತ್ತೇವೆ. ಅದು ನಿಜ, ಏಕೆಂದರೆ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಎಲ್ಲ ಅಗುಳೂ ಬೇಯುತ್ತವೆ. ಆದರೆ ಊರಿನ ಮನೆಗಳು ಒಂದೇ ಪಾತ್ರೆಯ ಅಗುಳುಗಳಲ್ಲ. ಶೇಂಗಾ ಕೊಳ್ಳುವ ಅನುಭವಿ ವ್ಯಾಪಾರಿಗೆ ಇದು ಗೊತ್ತು. ಅವನು ಚೀಲದ ಬಾಯಲ್ಲಿ ಕಾಣುವ ಕಾಯಿಯನ್ನಷ್ಟೇ ನೋಡುವುದಿಲ್ಲ. ನಡುವಿನಿಂದಲೂ ತಳದಿಂದಲೂ ತೆಗೆದು ಸುಲಿದು ನೋಡುತ್ತಾನೆ. ಹೀಗೆ ಇಡಿಯದರ ಗುಣವನ್ನು ತೋರಬಲ್ಲ ಬಿಡಿ ಭಾಗವನ್ನು ‘ಮಾದರಿ’ ಎನ್ನುತ್ತಾರೆ. ಬೀದಿಯ ಎಲ್ಲ ಮನೆಗಳ ಪಟ್ಟಿ ಮಾಡಿ, ಮೊದಲ ಮನೆಯನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಂದ ಪ್ರತಿ ಐದನೆಯ ಮನೆಗೆ ಹೋಗೆಂದು ಹೇಳಿದೆ. ಆಗ ಆಯ್ಕೆ ಮಾಡುವುದು ನಮ್ಮ ಬಂಧುಪ್ರೇಮವಾಗಲಿ ಸಂಕೋಚವಾಗಲಿ ಅಲ್ಲ.

ಮಾದರಿಯ ಈ ವಿಧಾನವನ್ನು ನಮ್ಮ ದೇಶದಲ್ಲಿ ಬೆಳೆಸಿದವರು ಪ್ರಶಾಂತಚಂದ್ರ ಮಹಲನೋಬಿಸ್. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಅವರು, ಬಂಗಾಳದಲ್ಲಿ ಸೆಣಬಿನ ಬೆಳೆ ಎಷ್ಟು ನೆಲದಲ್ಲಿದೆ ಎಂಬುದನ್ನು ಎಲ್ಲ ಹೊಲಗಳನ್ನೂ ಅಳೆಯದೆ, ಕ್ರಮವರಿತು ಆರಿಸಿದ ಕೆಲವು ತುಂಡು ನೆಲಗಳನ್ನು ಅಳೆದು ಅಂದಾಜು ಮಾಡಿ ತೋರಿಸಿದರು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೂ ಅವರೇ ಮಾರ್ಗದರ್ಶಕರು.

ಪ್ರಶ್ನೆ ಕೇಳುವುದರಲ್ಲಿಯೂ ಎಚ್ಚರ ಬೇಕು. ‘ವಿದ್ಯುತ್ ಮಗ್ಗದಿಂದ ನಿಮಗೆ ನಷ್ಟವಾಗಿದೆ, ಅಲ್ಲವೇ?’ ಎಂದು ಕೇಳಿದರೆ, ಎದುರಿನವರು ‘ಹೌದು’ ಎಂದೇ ಹೇಳುವರು. ‘ಕಳೆದ ವರ್ಷ ಎಷ್ಟು ಸೀರೆ ನೇಯ್ದಿರಿ? ಯಾರಿಗೆ ಕೊಟ್ಟಿರಿ?’ ಎಂದು ಕೇಳಿದರೆ ಅವರು ಯೋಚಿಸಿ ಹೇಳುವರು. ಮೊಳಕಾಲ್ಮೂರು ಗಡಿನಾಡು, ಆಂಧ್ರಪ್ರದೇಶದ ರಾಯದುರ್ಗ ಅದಕ್ಕೆ ನೆರೆಯ ಊರು. ಅಲ್ಲಿಯ ಎಷ್ಟೋ ಮನೆಗಳಲ್ಲಿ ತೆಲುಗು ಮನೆಮಾತು. ಮನೆಮಾತಿನಲ್ಲಿ ಕೇಳಿದರೆ ಅಜ್ಜಿಯರೂ ಮನಬಿಚ್ಚಿ ಮಾತಾಡುತ್ತಾರೆ. ಗ್ರಾಂಥಿಕ ಭಾಷೆಯಲ್ಲಿ ಕೇಳಿದರೆ ಯಾರೋ ಅಧಿಕಾರಿಗಳು ಬಂದರೆಂದು ಬಾಗಿಲ ಹಿಂದೆ ಸರಿಯುತ್ತಾರೆ. ಇನ್ನೊಂದು ಮಾತು. ಲೆಕ್ಕದ ಪುಸ್ತಕ ಒಂದು ಮನೆಯ ಮಾನದಂತೆ. ಅದನ್ನು ಒಪ್ಪಿಗೆ ಪಡೆದೇ ನೋಡಬೇಕು. ನೋಡಿದ್ದನ್ನು ಹೆಸರು ಹೇಳಿ ಹೊರಗೆ ಆಡಬಾರದು.

ಹೀಗೆ ವಿಚಾರಿಸಿದಾಗ ಹೊಸದೊಂದು ಸಂಗತಿ ಹೊರಬಿದ್ದಿತು. ತಾವೇ ನೂಲು ಕೊಂಡು ನೇಯುವ ಮನೆಗಳ ತೊಂದರೆ ಬಹುಮಟ್ಟಿಗೆ ಅವಳ ಮನೆಯದರಂತೆಯೇ ಇತ್ತು. ಆದರೆ ಮಾಲೀಕರಿಂದ ನೂಲು ಪಡೆದು ಕೂಲಿಗೆ ನೇಯುವವರ ಕಷ್ಟ ಬೇರೆ: ಅವರಿಗೆ ನೇಯಲು ಸಿಗುವ ಹಾಸುಗಳೇ ಕಡಿಮೆಯಾಗಿದ್ದವು. ಆದ್ದರಿಂದ ‘ನೇಕಾರರ ಸಮಸ್ಯೆ’ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಸಮಸ್ಯೆಗಳಿದ್ದವು. ತನ್ನ ಮನೆಯನ್ನಷ್ಟೇ ನೋಡಿ ಬರೆದಿದ್ದರೆ ಅವಳು ಕೂಲಿ ನೇಕಾರರಿಗೆ ಅನ್ಯಾಯ ಮಾಡುತ್ತಿದ್ದಳು. ಈ ಎರಡನೆಯ ಸಂಗತಿ ಅವಳ ಊಹೆಗೆ ಅನುಕೂಲವಾಗಿರಲಿಲ್ಲ. ಆದರೂ ಅವಳು ಅದನ್ನು ಮರೆಮಾಡದೆ ಬರೆದಳು.

ಒಂದು ಬೀದಿಯ ವಿಚಾರವೇ ಇಷ್ಟು ತೊಡಕಿನದಾದರೆ, ಒಂದು ಪಟ್ಟಣದ ಉದ್ಯಮದ ಏಳುಬೀಳನ್ನು ತಿಳಿಯುವುದು ಇನ್ನೆಷ್ಟು ಕಷ್ಟ! ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನೇ ನೋಡಿ. ಒಂದು ಕಾಲದಲ್ಲಿ ಸಾಲುಸಾಲಾಗಿದ್ದ ಗಿರಣಿಗಳಲ್ಲಿ ಅನೇಕವು ಮುಚ್ಚಿದವು. ಏಕೆಂದು ಕೇಳಿದರೆ, “ಹೊರಗಿನಿಂದ ಪಾಮೋಲಿನ್ ಎಣ್ಣೆ ಬಂತು, ಗಿರಣಿ ಮುಚ್ಚಿತು” ಎಂದು ಒಬ್ಬರು ಹೇಳುತ್ತಾರೆ. ಈ ಮಾತಿಗೆ ಆಧಾರವಿದೆ. ಎಣ್ಣೆಬೀಜಗಳ ಉತ್ಪಾದನೆಯನ್ನು ಹೆಚ್ಚಿಸಲು ಕೇಂದ್ರ ಸರ್ಕಾರವು 1986ರಲ್ಲಿ ತಂತ್ರಜ್ಞಾನ ಮಿಷನ್ ಒಂದನ್ನು ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಹೊರದೇಶದ ಎಣ್ಣೆಯ ಅವಲಂಬನೆ ಬಹಳ ತಗ್ಗಿತು. ಆದರೆ 1994ರಲ್ಲಿ ಪಾಮೋಲಿನ್ ಆಮದಿಗೆ ಖಾಸಗಿ ವರ್ತಕರಿಗೂ ದಾರಿ ತೆರೆಯಿತು. ಇಂದು ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊರಗಿನಿಂದಲೇ ಬರುತ್ತಿದೆ. “ಮಳೆ ಕೈಕೊಟ್ಟಿತು, ಶೇಂಗಾ ಬರಲಿಲ್ಲ” ಎಂದು ಇನ್ನೊಬ್ಬರು. “ಹೊಸ ಯಂತ್ರದವರ ಮುಂದೆ ಹಳೆಯ ಗಿರಣಿ ನಿಲ್ಲಲಿಲ್ಲ” ಎಂದು ಮತ್ತೊಬ್ಬರು.

ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವೆನ್ನಲಾಗದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಬಹುದು. ಕೊಂಬೆ ಮೊದಲೇ ಒಣಗಿತ್ತೇ ಎಂದು ನೋಡಬೇಡವೇ? ಇದನ್ನು ಪರೀಕ್ಷಿಸುವ ಬಗೆ ಹೋಲಿಕೆ. ಪಾಮೋಲಿನ್ ಮುಖ್ಯ ಕಾರಣವಾಗಿದ್ದರೆ ಅದರ ಪೆಟ್ಟು ಚಳ್ಳಕೆರೆಗೊಂದಕ್ಕೇ ಬಿದ್ದಿರಲಾರದು. ಇತರ ಕಡೆಯ ಶೇಂಗಾ ಗಿರಣಿಗಳೂ ಅದೇ ಕಾಲದಲ್ಲಿ ಸೊರಗಿರಬೇಕು. ಮಳೆಯೇ ಮುಖ್ಯ ಕಾರಣವಾಗಿದ್ದರೆ, ಕೃಷಿ ಉತ್ಪನ್ನ ಮಾರುಕಟ್ಟೆಯ ದಾಖಲೆಗಳಲ್ಲಿ ಶೇಂಗಾದ ಆವಕ ಇಳಿದ ವರ್ಷಗಳಲ್ಲಿಯೇ ಗಿರಣಿಗಳು ಹೆಚ್ಚಾಗಿ ಮುಚ್ಚಿರಬೇಕು. ಬೇರೆ ಕಡೆಯಿಂದ ಕಾಯಿ ತರಿಸುತ್ತಿದ್ದ ಗಿರಣಿಗಳು ಉಳಿದಿರಬೇಕು. ಹಳೆಯ ಯಂತ್ರವೇ ಕಾರಣವಾಗಿದ್ದರೆ ಹೊಸ ಯಂತ್ರ ಹಾಕಿದ ಗಿರಣಿಗಳು ಬದುಕಿರಬೇಕು. ಮೂರೂ ಕಾರಣಗಳು ಸೇರಿಯೂ ಇರಬಹುದು. ಆಗ ಯಾವುದರ ಪಾಲು ಎಷ್ಟೆಂದು ತೂಗಬೇಕು. ‘ಎರಡನೆಯ ಮುಂಬಯಿ’ ಎಂಬ ನಮ್ಮ ಹೆಮ್ಮೆಯ ಮಾತನ್ನೂ ಹೀಗೆಯೇ ಕೇಳಬಹುದು: ಯಾವ ವರ್ಷದಲ್ಲಿ? ಗಿರಣಿಗಳ ಸಂಖ್ಯೆಯಲ್ಲಿಯೋ, ಎಣ್ಣೆಯ ಪ್ರಮಾಣದಲ್ಲಿಯೋ, ವಹಿವಾಟಿನ ಹಣದಲ್ಲಿಯೋ? ಹೀಗೆ ಕೇಳುವುದರಿಂದ ಊರಿನ ಕೀರ್ತಿಗೆ ಕುಂದಿಲ್ಲ. ಪರೀಕ್ಷೆಯಲ್ಲಿ ಉಳಿದ ಕೀರ್ತಿ ಇನ್ನಷ್ಟು ಗಟ್ಟಿಯಾಗುತ್ತದೆ.

ಇಷ್ಟೆಲ್ಲ ಶ್ರಮಪಟ್ಟು ಪಡೆದ ತೀರ್ಮಾನ ಶಾಶ್ವತವೇ? ಇದಕ್ಕೆ ಉತ್ತರ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿಯೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡುಹಿಡಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ವಿದ್ವಾಂಸರು ಬ್ರಹ್ಮಗಿರಿಯಲ್ಲಿ ಭೂಮಿಯನ್ನು ಪದರಪದರವಾಗಿ ಅಗೆಸಿದರು. ಮೇಲಿನ ಪದರದಲ್ಲಿ, ಒಳತಳದಲ್ಲಿ ಸಣ್ಣ ಚುಕ್ಕೆಗಳ ವೃತ್ತಗಳಿರುವ ಒಂದು ಬಗೆಯ ಮಣ್ಣಿನ ತಟ್ಟೆಯ ಚೂರುಗಳು ಸಿಕ್ಕಿದವು. ಅಂತಹವೇ ಚೂರುಗಳು 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ, ಇಟಲಿಯಿಂದ ಹಡಗಿನಲ್ಲಿ ಬಂದ ಪಾತ್ರೆಗಳ ಜೊತೆಯಲ್ಲಿ ದೊರೆತಿದ್ದವು. ಇಟಲಿಯ ಪಾತ್ರೆಗಳ ಕಾಲ ಗೊತ್ತಿತ್ತು. ಆದುದರಿಂದ ಬ್ರಹ್ಮಗಿರಿಯ ಮೇಲಿನ ಪದರ ಕ್ರಿಸ್ತಶಕ ಒಂದನೆಯ ಶತಮಾನದ್ದೆಂದೂ, ಅದರ ಕೆಳಗಿನ ಬೃಹತ್ ಶಿಲಾಸಮಾಧಿಗಳ ಕಾಲದ ಪದರ ಅದಕ್ಕಿಂತ ಹಳೆಯದೆಂದೂ, ಎಲ್ಲಕ್ಕೂ ಕೆಳಗಿನ ಕಲ್ಲುಕೊಡಲಿಗಳ ಪದರ ಇನ್ನೂ ಹಳೆಯದೆಂದೂ ವೀಲರ್ ತರ್ಕಿಸಿದರು. ಹಳೆಯ ಕಾಲದ ವ್ಯಾಪಾರದ ಒಂದು ಒಡಕು ತಟ್ಟೆ ಇತಿಹಾಸದ ಗಡಿಯಾರವಾಯಿತು!

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಇದ್ದಿಲಿನಂತಹ ವಸ್ತುಗಳಲ್ಲಿರುವ ಇಂಗಾಲವನ್ನು ಪರೀಕ್ಷಿಸಿ ಕಾಲವನ್ನು ನಿರ್ಣಯಿಸುವ ವಿಧಾನ ಮುಂದೆ ಬಂದಿತು. ದಕ್ಷಿಣ ಭಾರತದ ಇತರ ನೆಲೆಗಳಲ್ಲಿ ಆ ಪರೀಕ್ಷೆ ನಡೆದಾಗ, ಕಲ್ಲುಕೊಡಲಿಯ ಸಂಸ್ಕೃತಿ ವೀಲರ್ ಭಾವಿಸಿದ್ದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷಗಳಷ್ಟು ಹಳೆಯದೆಂದು ತಿಳಿದುಬಂದಿತು. ಪದರಗಳ ಅನುಕ್ರಮ ಉಳಿಯಿತು. ಕಾಲದ ಲೆಕ್ಕ ಬದಲಾಯಿತು. ಇದರಿಂದ ವೀಲರ್ ಅವರ ಗೌರವ ಕುಗ್ಗಲಿಲ್ಲ. ಯಾವ ಪದರದಲ್ಲಿ ಏನು ಸಿಕ್ಕಿತು, ತಾನು ಹೇಗೆ ತರ್ಕಿಸಿದೆ ಎಂಬುದನ್ನು ಅವರು ಬರೆದಿಟ್ಟಿದ್ದುದರಿಂದಲೇ ಮುಂದಿನವರು ಅದನ್ನು ತಿದ್ದಲು ಸಾಧ್ಯವಾಯಿತು. ತನ್ನನ್ನು ತಿದ್ದಲು ಬೇಕಾದ ಸಾಧನವನ್ನು ತಾನೇ ಒದಗಿಸಿಕೊಡುವುದು ಒಳ್ಳೆಯ ಸಂಶೋಧನೆಯ ಲಕ್ಷಣ.

ಇದೆಲ್ಲ ದೊಡ್ಡವರ ಕೆಲಸ, ನಮಗೇಕೆ ಎಂದು ನೀವು ಭಾವಿಸಬಾರದು. ಡಬ್ಲಿನ್ ನಗರದ ಗಿನ್ನೆಸ್ ಪಾನೀಯ ಕಾರ್ಖಾನೆಯಲ್ಲಿ ವಿಲಿಯಂ ಗಾಸೆಟ್ ಎಂಬ ಉದ್ಯೋಗಿಯಿದ್ದರು. ಕಾರ್ಖಾನೆಯ ಕೆಲಸದಲ್ಲಿ ಅವರಿಗೆ ಸಿಗುತ್ತಿದ್ದುದು ಕೆಲವೇ ಕೆಲವು ಮಾದರಿಗಳು. ಇಷ್ಟು ಕಡಿಮೆ ಮಾದರಿಗಳಿಂದ ಎಷ್ಟು ಧೈರ್ಯವಾಗಿ ತೀರ್ಮಾನ ಹೇಳಬಹುದು ಎಂಬ ಪ್ರಶ್ನೆಗೆ ಅವರು ಉತ್ತರ ಹುಡುಕಿ, 1908ರಲ್ಲಿ ಪ್ರಕಟಿಸಿದರು. ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಕಾರ್ಖಾನೆಯ ಕಟ್ಟಳೆ ಅಡ್ಡಿಯಾಗಿತ್ತು. ಅದಕ್ಕಾಗಿ ಅವರು ಇಟ್ಟುಕೊಂಡ ಹೆಸರು ‘ಸ್ಟೂಡೆಂಟ್’, ಎಂದರೆ ‘ವಿದ್ಯಾರ್ಥಿ’. ಇಂದಿಗೂ ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿ ಆ ವಿಧಾನಕ್ಕೆ ‘ವಿದ್ಯಾರ್ಥಿ’ಯ ಹೆಸರೇ ನಿಂತಿದೆ.

ಆ ಹುಡುಗಿಯ ಮನೆಯ ಮಗ್ಗ ಏನಾಯಿತೆಂದು ತಿಳಿಯುವ ಕುತೂಹಲ ನಿಮಗಿರಬಹುದು. ಹಬ್ಬ ಕಳೆಯಿತು, ಮಗ್ಗವನ್ನು ಮಾರುವ ಮಾತು ಆ ವರ್ಷಕ್ಕೆ ನಿಂತಿತು. ಸೀರೆ ಕೊಡುವಾಗ ಹಣ ಕೊಡುವ ದಿನವನ್ನೂ ಚೀಟಿಯಲ್ಲಿ ಬರೆಸಿಕೊಳ್ಳುವ ಪದ್ಧತಿಯನ್ನು ಅವಳ ತಂದೆ ಆರಂಭಿಸಿದರು. ಎಲ್ಲರೂ ಅದಕ್ಕೆ ಒಪ್ಪಲಿಲ್ಲ, ಕೆಲವರು ಒಪ್ಪಿದರು. ಪ್ರಬಂಧದ ಕೊನೆಯ ಪುಟದಲ್ಲಿ ಅವಳು ಬರೆದ ಮಾತು ನನಗೆ ಬಹಳ ಮೆಚ್ಚುಗೆಯಾಯಿತು: ‘ಇದು ಒಂದು ಬೀದಿಯ ನಾಲ್ಕು ವರ್ಷಗಳ ವಿಚಾರ ಮಾತ್ರ. ಇಡೀ ಮೊಳಕಾಲ್ಮೂರಿಗೆ ಇದು ಅನ್ವಯಿಸುತ್ತದೆ ಎಂದು ನಾನು ಹೇಳಲಾರೆ.’ ತಾನು ಎಷ್ಟನ್ನು ಬಲ್ಲೆ, ಎಲ್ಲಿಂದಾಚೆಗೆ ಅರಿಯೆ ಎಂಬುದನ್ನು ಗುರುತಿಸಿ ಹೇಳಬಲ್ಲವರನ್ನು ಲೋಕ ನಂಬುತ್ತದೆ.

ಮಕ್ಕಳೇ, ನಿಮ್ಮ ಊರೂರುಗಳಲ್ಲಿಯೂ ಇಂತಹ ಪ್ರಶ್ನೆಗಳು ಕಾದಿವೆ. ಸಂತೆಯಲ್ಲಿ ತರಕಾರಿಯ ಬೆಲೆ ಸಂಜೆಗೆ ಏಕೆ ಇಳಿಯುತ್ತದೆ? ನಿಮ್ಮ ಬೀದಿಯ ಅಂಗಡಿಯಲ್ಲಿ ಕಡದ ಲೆಕ್ಕ ಯಾವ ತಿಂಗಳಲ್ಲಿ ಹೆಚ್ಚು? ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲು, ಸ್ವಲ್ಪ ತಾಳ್ಮೆ ಇದ್ದರೆ ಇವುಗಳನ್ನು ವಿಚಾರಿಸಬಹುದು. ಇನ್ನು ಮುಂದೆ ಯಾರಾದರೂ ‘ಎಲ್ಲರೂ ಹಾಗೆ ಹೇಳುತ್ತಾರೆ’ ಎಂದಾಗ, ವಿನಯದಿಂದ ಒಂದು ಮಾತು ಕೇಳಿರಿ: ‘ಅದು ನಮಗೆ ಹೇಗೆ ಗೊತ್ತು?’ ಉತ್ತರ ದೊರೆಯದಿದ್ದರೆ ಬೇಸರಪಡಬೇಡಿ. ಅದನ್ನು ಹುಡುಕುವ ಕೆಲಸ ನಿಮ್ಮದಾಗಲಿ.

ಅಭ್ಯಾಸ

ಪದಗಳ ಅರ್ಥ
ಆಕರ – ಮೂಲ, ಮಾಹಿತಿ ದೊರೆಯುವ ಎಡೆ
ಆವಕ – ಮಾರುಕಟ್ಟೆಗೆ 1 ದಿನದಲ್ಲಿ ಅಥವಾ ಗೊತ್ತಾದ ಅವಧಿಯಲ್ಲಿ ಬರುವ ಸರಕು
ಗಷ್ಟು – ಎಣ್ಣೆ ಮೊದಲಾದವುಗಳ ತಳದಲ್ಲಿ ನಿಲ್ಲುವ ಕಸರು
ಪುರಾವೆ – ಸಾಕ್ಷ್ಯ, ಆಧಾರ
ವದಂತಿ – ಗಾಳಿಮಾತು
ಹಾಸು – ಮಗ್ಗದಲ್ಲಿ ಉದ್ದಕ್ಕೆ ಹೂಡಿದ ನೂಲು

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಹುಡುಗಿಯ ಪ್ರಬಂಧದ ಮೊದಲ ಶೀರ್ಷಿಕೆ ಏನಾಗಿತ್ತು?
2. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ದೊರೆತ ಮಾನ್ಯತೆ ಯಾವುದು?
3. ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಕಂಡುಹಿಡಿದವರು ಯಾರು?
4. ವಿಲಿಯಂ ಗಾಸೆಟ್ ಯಾವ ಹೆಸರಿನಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ‘ಬೇಡಿಕೆ ಏಕೆ ಕುಸಿಯಿತು?’ ಎಂಬ ಪ್ರಶ್ನೆಯಲ್ಲಿದ್ದ ದೋಷಗಳೇನು?
2. ತಂದೆಯ ನೆನಪಿಗೂ ಲೆಕ್ಕದ ಪುಸ್ತಕಕ್ಕೂ ಇದ್ದ ಅಂತರವೇನು?
3. ಬಂಧುಗಳ ಮನೆಗಳನ್ನೇ ಆರಿಸಿಕೊಳ್ಳುವುದು ಏಕೆ ಸರಿಯಲ್ಲ?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ.
1. ಎಣ್ಣೆ ಗಿರಣಿಗಳು ಮುಚ್ಚಿದ್ದಕ್ಕೆ ಜನ ಹೇಳುವ ಕಾರಣಗಳನ್ನು ಹೇಗೆ ಪರೀಕ್ಷಿಸಬಹುದು?
2. ಸಂಶೋಧನೆಯ ತೀರ್ಮಾನ ಮುಂದೆ ಬದಲಾಗಬಹುದೆಂಬುದಕ್ಕೆ ಬ್ರಹ್ಮಗಿರಿ ಹೇಗೆ ನಿದರ್ಶನವಾಗಿದೆ?

ಈ) ಸಂದರ್ಭ ಸೂಚಿಸಿ ವಿವರಿಸಿ.
1. “ಮಾತನ್ನು ಕಡ ತಂದರೆ ಹೇಳಬೇಡವೇ?”
2. “ಸೀರೆ ಹೋಗ್ತಿಲ್ಲ ಅಂತಲೇ ಅನ್ನಿಸುತ್ತಿತ್ತಮ್ಮ.”

ಉ) ಬಿಡಿಸಿ ಬರೆದು ಸಂಧಿಯ ಹೆಸರು ತಿಳಿಸಿ.
ಊರೂರು, ವಿದ್ಯಾರ್ಥಿ, ಕಾರ್ಯಾರಂಭ

ಊ) ಮಾಡಿ ನೋಡಿ.
ನಿಮ್ಮ ಊರಿನ ಒಂದು ಕಸುಬಿನ ಬಗ್ಗೆ ಜನ ಹೇಳುವ ಒಂದು ಮಾತನ್ನು ಬರೆದುಕೊಳ್ಳಿ. ಅದು ನಿಜವೇ ಎಂದು ತಿಳಿಯಲು ಯಾರನ್ನು ಏನು ಕೇಳಬೇಕು, ಯಾವ ದಾಖಲೆಯನ್ನು ನೋಡಬೇಕು ಎಂಬುದನ್ನು ಪಟ್ಟಿ ಮಾಡಿ ತರಗತಿಯಲ್ಲಿ ಚರ್ಚಿಸಿ.